ಗಾಜು ಮೇಸ್ತ್ರಿ ತೊಳೆದ ಸ್ಪಂಜು

ಮನೆ ಸಾಮಾನು ಸಾಗಿಸುವ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವನಿಗೆ ಬೆನ್ನುನೋವು ಬರುತ್ತದೆ, ಮಂಡಿನೋವು ಬರುತ್ತದೆ; ಹೆಸರು ಬರುವುದು ಅಪರೂಪ. ಇವನಿಗೆ ಮೂರೂ ಬಂದಿದ್ದವು. ಯಾರನ್ನು ಕೇಳಿದರೂ ‘ಗಾಜು ಮೇಸ್ತ್ರಿ’ ಎಂದೇ ಗುರುತು. ಅಪ್ಪ ಅಮ್ಮ ಇಟ್ಟ ಹೆಸರು ಡ್ರೈವಿಂಗ್ ಲೈಸೆನ್ಸಿನಲ್ಲೂ ಹೆಂಡತಿಯ ಸಿಟ್ಟಿನಲ್ಲೂ ಮಾತ್ರ ಉಳಿದುಕೊಂಡಿತ್ತು.

ಅವನು ಕಟ್ಟಿದ ಪೆಟ್ಟಿಗೆಯಲ್ಲಿ ಗಾಜು ಒಡೆಯುವುದಿಲ್ಲ ಎನ್ನುವುದು ಆ ಹೆಸರಿನ ಹಿಂದಿನ ಕಥೆ. ಲೋಟವೊಂದಕ್ಕೆ ಎರಡು ಹಾಳೆ, ಲೋಟದ ಹೊಟ್ಟೆಯೊಳಗೆ ಒಂದು ಕಾಗದದ ಉಂಡೆ. ತಟ್ಟೆಗಳನ್ನು ಮಲಗಿಸಬಾರದು, ಪುಸ್ತಕದ ಹಾಗೆ ನಿಲ್ಲಿಸಬೇಕು. ಕನ್ನಡಿ ಹೊತ್ತವನು ಮೆಟ್ಟಿಲ ಮೇಲೆ ಮಾತಾಡಬಾರದು, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಇಷ್ಟೇ ವಿದ್ಯೆ. ಇಷ್ಟನ್ನೂ ತಪ್ಪದೆ ಮಾಡುವವರು ಕಡಿಮೆ, ಅದಕ್ಕೇ ಇವನಿಗೆ ಬೆಲೆ. ಮೊದಮೊದಲು ಅವನ ಕೈಯಲ್ಲೂ ಒಡೆದದ್ದುಂಟು. ಆಗ ತಾನೇ ಹೋಗಿ ಹೇಳುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಮುಖ ಒರೆಸಿಕೊಂಡು ಮುಂದಿನ ಪೆಟ್ಟಿಗೆ ಕಟ್ಟುತ್ತಿದ್ದ. ಹೆಸರು ಬಂದ ಮೇಲೆ ಏನೂ ಒಡೆಯಲಿಲ್ಲ. ಹಾಗಾಗಿ ಬೈಸಿಕೊಳ್ಳುವ ಅಭ್ಯಾಸವೂ ತಪ್ಪಿಹೋಯಿತು. ಮನುಷ್ಯನಿಗೆ ಆ ಅಭ್ಯಾಸ ತಪ್ಪಬಾರದು ಎಂದು ನನಗನ್ನಿಸುವುದು ಈ ಕಥೆಯಿಂದಾಗಿಯೇ.

ಅವನಿಗೆ ಇನ್ನೆರಡು ಗೀಳುಗಳಿದ್ದವು. ಒಂದು, ತೊಳೆಯುವುದು. ಅವನಮ್ಮ ಆಸ್ಪತ್ರೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಜಿಡ್ಡು ಕಂಡರೆ ಕೈ ಕಡಿಯುವ ಜಾಯಮಾನ ಮಗನಿಗೂ ಬಂದಿತ್ತು. ಹೊಸ ನಾನ್‌ಸ್ಟಿಕ್ ಬಾಣಲೆಯ ಕರಿಯನ್ನೆಲ್ಲ ಕೊಳೆಯೆಂದುಕೊಂಡು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಟ್ಟ ದಿನದಿಂದ ಹೆಂಡತಿ ಅವನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಇನ್ನೊಂದು, ನೀರು. ನೀರಿರುವ ಯಾವ ಪಾತ್ರೆಯೂ ಲಾರಿ ಹತ್ತುವಂತಿಲ್ಲ. ಹಿಂದೊಮ್ಮೆ ಯಾರೋ ಅರ್ಧ ಬಕೆಟ್ ನೀರನ್ನು ಹಾಗೇ ಹತ್ತಿಸಿಬಿಟ್ಟಿದ್ದರು. ಮೊದಲ ತಿರುವಿನಲ್ಲೇ ಅದು ಮಗುಚಿ, ಒಂದು ಮನೆಯವರ ಮದುವೆ ಆಲ್ಬಮ್ ನೆನೆದು ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಆ ಮನೆಯ ಹೆಂಗಸು ಅಂಟಿದ ಹಾಳೆಗಳನ್ನು ಬಿಡಿಸುತ್ತಾ ಕೂತದ್ದನ್ನು ಮೇಸ್ತ್ರಿ ಮರೆತಿರಲಿಲ್ಲ. ಅಂದಿನಿಂದ ಲಾರಿ ಹೊರಡುವ ಮುಂಚೆ ಮೆಟ್ಟಿಲು, ಮೂಲೆ, ಬಚ್ಚಲು ಎಲ್ಲ ಸುತ್ತಿ, ಕಂಡ ಕಂಡ ಬಕೆಟ್ಟನ್ನೆಲ್ಲ ತಾನೇ ಬಗ್ಗಿಸಿ, ತೊಳೆದು, ಒರೆಸಿ, ಒಂದರೊಳಗೊಂದು ಕೂರಿಸಿ ಹತ್ತಿಸುತ್ತಿದ್ದ.

ಆ ಭಾನುವಾರ ಅವನು ಖಾಲಿ ಮಾಡಿಸಿದ್ದು ನಿವೃತ್ತ ಕಂಪೌಂಡರ್ ಒಬ್ಬರ ಮನೆ. ಎರಡನೇ ಮಹಡಿಯ ಬಾಡಿಗೆ ಮನೆಯಿಂದ ನಾಲ್ಕು ಬೀದಿ ಆಚೆಯ ಇನ್ನೊಂದು ಬಾಡಿಗೆ ಮನೆಗೆ. ಮನೆಯಲ್ಲಿದ್ದದ್ದು ಕಂಪೌಂಡರ್ ಮತ್ತು ಸೊಸೆ. ಮಗ ದೂರದಲ್ಲೆಲ್ಲೋ ಸುರಂಗ ಕೊರೆಯುವ ಕೆಲಸದಲ್ಲಿದ್ದ, ಎರಡು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಕಂಪೌಂಡರಿಗೆ ಜೀವಕ್ಕೆ ಜೀವವಾಗಿದ್ದದ್ದು ನಾಲ್ಕಡಿಯ ಒಂದು ಗಾಜಿನ ತೊಟ್ಟಿ, ಅದರಲ್ಲಿ ಏಳು ಗೋಲ್ಡ್‌ಫಿಶ್. ಮೀನುಗಳಿಗೆ ಹೆಸರಿಡಲು ಅವರಿಗೆ ಬರುತ್ತಿರಲಿಲ್ಲ. ವಾರ್ಡಿನ ರೋಗಿಗಳಂತೆ ನಂಬರ್ ಕೊಟ್ಟಿದ್ದರು. “ಮೂರನೇ ನಂಬರಿಗೆ ಇವತ್ತು ಹಸಿವು ಕಡಿಮೆ” ಎಂದು ಅವರು ಹೇಳಿದರೆ ಸೊಸೆ ಕಾಳು ಎಣಿಸಿ ಹಾಕುತ್ತಿದ್ದಳು. ಮದುವೆಯಾಗಿ ಬಂದ ಒಂದು ವರ್ಷದಲ್ಲಿ ಅವಳಿಗೆ ಏಳೂ ಮೀನುಗಳ ಗುರುತು ಸಿಕ್ಕಿತ್ತು. ಅಷ್ಟೊಂದು ಮಾತಾಡದ ಮಾವ ತೊಟ್ಟಿಯ ಮುಂದೆ ಮಾತ್ರ ಅವಳೊಡನೆ ಮಾತಾಡುತ್ತಿದ್ದರು.

ಕಂಪೌಂಡರ್ ಈ ಸಾಗಾಣಿಕೆಗೆ ಆಪರೇಷನ್ನಿಗೆ ತಯಾರಾಗುವ ಹಾಗೆ ತಯಾರಾಗಿದ್ದರು. ಎರಡು ದಿನ ಮೀನುಗಳಿಗೆ ಊಟ ಬಂದ್. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಬೆಳಗ್ಗೆ ಒಂದೊಂದನ್ನೂ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಕಾಲು ಭಾಗ ನೀರು, ಉಳಿದದ್ದು ಗಾಳಿ, ಬಾಯಿಗೆ ರಬ್ಬರ್ ಬ್ಯಾಂಡ್. ಏಳು ಚೀಲವೂ ಥರ್ಮೊಕೋಲ್ ಪೆಟ್ಟಿಗೆಯೊಳಗೆ. ಕತ್ತಲಿದ್ದರೆ ಮೀನು ಗಾಬರಿಯಾಗುವುದಿಲ್ಲ. ಪೆಟ್ಟಿಗೆ ಅವರ ತೊಡೆಯ ಮೇಲೆ, ಬಾಡಿಗೆ ಕಾರಿನಲ್ಲಿ. ಖಾಲಿ ತೊಟ್ಟಿಯನ್ನು ಮಾತ್ರ ಮೇಸ್ತ್ರಿಗೆ ಒಪ್ಪಿಸಿದರು. “ಇದು ನಿಮ್ಮ ಇಲಾಖೆ” ಎಂದರು.

ಇನ್ನು ಉಳಿದದ್ದು ಒಂದು ಬಿಳಿ ಪೇಂಟ್ ಬಕೆಟ್ಟು. ಅದರಲ್ಲಿ ಫಿಲ್ಟರಿನ ಎರಡು ಸ್ಪಂಜುಗಳನ್ನು ತೊಟ್ಟಿಯದೇ ನೀರಿನಲ್ಲಿ ಮುಳುಗಿಸಿ ಮುಚ್ಚಳ ಹಾಕಿದ್ದರು. ಅದನ್ನು ಸೊಸೆಯ ಕೈಗೆ ಕೊಟ್ಟು, “ಇದು ನಿನ್ನ ಜೊತೆ ಕಾರಲ್ಲಿ ಬರಬೇಕು ಕಣಮ್ಮ. ಮೀನು ನಾನು ನೋಡ್ಕೋತೀನಿ, ಇದು ನಿನ್ನ ಜವಾಬ್ದಾರಿ” ಎಂದಿದ್ದರು. ಮಾವ ತನ್ನ ಕೈಗೆ ಏನನ್ನಾದರೂ ನಂಬಿ ಕೊಟ್ಟದ್ದು ಅದೇ ಮೊದಲು. ಲಾರಿಗೆ ಹೋಗದ ವಸ್ತುವಾದ್ದರಿಂದ ಮೇಸ್ತ್ರಿಗೆ ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಹೊರಡುವ ಹೊತ್ತಿಗೆ ಸೊಸೆ ಬಕೆಟ್ಟನ್ನು ಮೆಟ್ಟಿಲ ತಿರುವಿನಲ್ಲಿಟ್ಟು, ಪಕ್ಕದ ಮನೆಗೆ ಬೀಗದ ಕೈ ಕೊಟ್ಟು ಬರಲು ಹೋದಳು. ಹೆಚ್ಚೆಂದರೆ ಐದು ನಿಮಿಷ. ಅಷ್ಟರಲ್ಲಿ ಮೇಸ್ತ್ರಿ ಕೊನೆಯ ಸುತ್ತು ಬಂದ. ಬಕೆಟ್ ಕಂಡಿತು, ಮುಚ್ಚಳ ತೆಗೆದ. ಒಳಗೆ ಕಂದು ನೀರು, ಕೆಸರು ಮೆತ್ತಿದಂತಿದ್ದ ಎರಡು ಸ್ಪಂಜು. ನೆಲ ಒರೆಸಿ ಹಾಗೇ ಬಿಟ್ಟಿದ್ದಾರೆ ಎಂದುಕೊಂಡ. ನೀರನ್ನು ಮೋರಿಗೆ ಸುರಿದ. ಅಷ್ಟಕ್ಕೇ ಬಿಟ್ಟಿದ್ದರೂ ಚೆನ್ನಾಗಿತ್ತು, ಆದರೆ ಕೈ ಕಡಿಯಿತಲ್ಲ! ನಲ್ಲಿ ಬಿಟ್ಟು ಸ್ಪಂಜುಗಳನ್ನು ಹಿಂಡಿದ, ಮತ್ತೆ ನೆನೆಸಿದ, ಮತ್ತೆ ಹಿಂಡಿದ. ನೀರು ತಿಳಿಯಾಗಿ ಹರಿಯುವವರೆಗೂ ಬಿಡಲಿಲ್ಲ. ಸ್ಪಂಜು ಅಂಗಡಿಯಿಂದ ತಂದಷ್ಟು ನೀಲಿಯಾದದ್ದನ್ನು ನೋಡಿ ಸಮಾಧಾನಪಟ್ಟು, ಬಕೆಟ್ಟನ್ನೂ ಉಜ್ಜಿ ಒರೆಸಿ, ಮುಚ್ಚಳ ಹಾಕಿ ಲಾರಿಗೆ ಹತ್ತಿಸಿದ.

ಸೊಸೆ ಓಡಿಬಂದು, “ಇಲ್ಲೊಂದು ಬಕೆಟ್ ಇತ್ತಲ್ಲ?” ಎಂದಳು.

“ಲಾರೀಲಿ ಭದ್ರವಾಗಿದೆ ತಾಯಿ. ಏನೂ ಯೋಚನೆ ಮಾಡ್ಬೇಡಿ” ಎಂದ ಮೇಸ್ತ್ರಿ. ಕೆಳಗೆ ಮಾವ ಕಾರಿನೊಳಗಿಂದ ಕೂಗುತ್ತಿದ್ದರು. ಅವಳು ಒಂದು ಕ್ಷಣ ಅನುಮಾನಿಸಿ ಇಳಿದು ಹೋದಳು.

ಹೊಸ ಮನೆಯಲ್ಲಿ ಎಲ್ಲ ಹೂವೆತ್ತಿದ ಹಾಗೆ ನಡೆಯಿತು. ತೊಟ್ಟಿಯನ್ನು ನಾಲ್ಕು ಜನ ಉಸಿರು ಬಿಗಿಹಿಡಿದು ಏರಿಸಿ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಕೂದಲೆಳೆಯಷ್ಟೂ ಗೀರಿಲ್ಲ. ಕೆಳಗಿನ ಮನೆಯಲ್ಲಿದ್ದ ಮನೆ ಯಜಮಾನಿ ಹೊಸ ಬಾಡಿಗೆಯವರಿಗೆಂದು ಚಹಾ ಹಿಡಿದುಕೊಂಡು ಮೇಲೆ ಬಂದಳು. ಬಾಯಿ ಸ್ವಲ್ಪ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಕಂಪೌಂಡರ್ ಅವಳ ಮುಂದೆ ಮೇಸ್ತ್ರಿಯನ್ನು ಅಟ್ಟಕ್ಕೇರಿಸಿದರು: “ಇಂಥಾ ಕೆಲಸದವರನ್ನ ನಾನು ನೋಡಿಲ್ಲ. ಒಂದು ಚಮಚ ಕೂಡ ಆಚೀಚೆ ಆಗಿಲ್ಲ.” ಮನೆ ಯಜಮಾನಿಯ ತಂಗಿಗೆ ಪಿಂಗಾಣಿ ಮತ್ತು ಗಾಜಿನ ಪಾತ್ರೆಗಳ ದೊಡ್ಡ ಅಂಗಡಿಯಿತ್ತಂತೆ, ಅದನ್ನು ಬೇರೆ ಕಡೆಗೆ ಸಾಗಿಸುವುದಿತ್ತಂತೆ. “ನಿಮ್ಮಂಥೋರನ್ನೇ ಹುಡುಕ್ತಿದ್ಲು” ಎಂದಳು. ಮೇಸ್ತ್ರಿ ಚಹಾ ಲೋಟ ಹಿಡಿದು ಮದುವೆ ಗಂಡಿನ ಹಾಗೆ ನಿಂತಿದ್ದ.

ಆಗ ಕಂಪೌಂಡರ್ ಬಿಳಿ ಬಕೆಟ್ಟಿನ ಮುಚ್ಚಳ ತೆಗೆದರು.

“ಇದನ್ನ ಯಾರು ತೊಳೆದದ್ದು?”

ಅವರ ದನಿ ಎತ್ತರಕ್ಕೇರಿರಲಿಲ್ಲ. ನೀಲಿ ಸ್ಪಂಜನ್ನು ಅಂಗೈಯಲ್ಲಿ ಹಿಡಿದು ಸೊಸೆಯ ಕಡೆ ತಿರುಗಿದರು. “ನನ್ನ ತೊಟ್ಟಿಯ ಪ್ರಾಣ ಇದ್ದದ್ದು ಇದರಲ್ಲಿ. ಮೀನನ್ನ ನಿನ್ನ ಕೈಗೆ ಕೊಡಲಿಲ್ಲ, ಇದನ್ನ ಕೊಟ್ಟೆ. ನೆತ್ತಿ ಮೇಲೆ ಹೊತ್ಕೊಂಡು ಬರ್ತೀಯ ಅಂತ.”

“ನಾನು ತೊಳೆದಿಲ್ಲ ಮಾವ. ಮೆಟ್ಟಿಲ ಹತ್ರ ಇಟ್ಟು ಕೀ ಕೊಡೋಕೆ ಹೋಗಿದ್ದೆ. ಬರೋಷ್ಟರಲ್ಲಿ ಲಾರಿಗೆ ಹೋಗಿತ್ತು.” ಅಷ್ಟು ಹೇಳಿ ಅವಳು ಮೇಸ್ತ್ರಿಯನ್ನು ನೋಡಿದಳು. ದೂರುವ ನೋಟವಲ್ಲ. ನೀವೇ ಹೇಳಿ ಎನ್ನುವ ನೋಟ.

ಕಂಪೌಂಡರೂ ತಿರುಗಿದರು. “ನಿಮ್ಮವರೇನಾದ್ರೂ ಮುಟ್ಟಿದ್ರಾ ಮೇಸ್ತ್ರಿಗಳೇ?”

ಒಂದು ಮಾತು ಸಾಕಿತ್ತು. ‘ಅಯ್ಯೋ ಸಾರ್, ನಾನೇ ತೊಳೆದೆ, ಕೊಳೆ ಅಂದ್ಕೊಂಡೆ.’ ಮೂರು ನಿಮಿಷ ಬೈಯುತ್ತಿದ್ದರು, ಮುಗಿಯುತ್ತಿತ್ತು. ಆದರೆ ಮನೆ ಯಜಮಾನಿ ಬಾಗಿಲಲ್ಲಿದ್ದಳು, ಹೊಗಳಿಕೆ ಇನ್ನೂ ಗಾಳಿಯಲ್ಲಿತ್ತು, ಚಹಾ ಇನ್ನೂ ಬಿಸಿಯಿತ್ತು.

“ನಮ್ಮವರು ಅಂಥದ್ದಕ್ಕೆಲ್ಲ ಕೈ ಹಾಕಲ್ಲ ಸಾರ್” ಎಂದ.

ಮಾತು ಸುಳ್ಳಲ್ಲ ನೋಡಿ. ಅವನವರು ಕೈ ಹಾಕಿರಲಿಲ್ಲ, ಅವನೇ ಹಾಕಿದ್ದ. ಇಂಥ ನಿಜಗಳು ಸುಳ್ಳಿಗಿಂತ ಹೊಲಸು. ಅಲ್ಲಿಗೂ ನಿಲ್ಲಿಸಲಿಲ್ಲ. ಮೌನ ತಡೆಯಲಾರದೆ ನಗುತ್ತಾ ಇನ್ನೊಂದು ಸೇರಿಸಿದ: “ಹೆಣ್ಮಕ್ಕಳಿಗೆ ಕೊಳೆ ಕಂಡ್ರೆ ಕೈ ಸುಮ್ನಿರಲ್ಲ. ಗಡಿಬಿಡೀಲಿ ಮರೆತಿರ್ತಾರೆ, ಬಿಡಿ ಸಾರ್.”

ಮನೆ ಯಜಮಾನಿ ಕಿಸಕ್ಕನೆ ನಕ್ಕಳು. ಸೊಸೆ ನಗಲಿಲ್ಲ, ಅಳಲೂ ಇಲ್ಲ. ಮೇಸ್ತ್ರಿಯ ಮುಖವನ್ನು ಮತ್ತೊಂದು ಸಲ ನೋಡಿ, ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಅವನ ಕೈಯಲ್ಲಿದ್ದ ಲೋಟವನ್ನು ಮಾತ್ರ ಕೇಳಲಿಲ್ಲ.

ಆ ಸಂಜೆ ಅವನಿಗೆ ಊಟ ಸೇರಲಿಲ್ಲ. ಸ್ಪಂಜು ತೊಳೆದರೆ ಏನು ಮಹಾ, ಮುದುಕರಿಗೆ ಎಲ್ಲದಕ್ಕೂ ರಂಪ ಎಂದು ತನಗೆ ತಾನೇ ಹೇಳಿಕೊಂಡ.

“ಯಾಕ್ರೀ, ಮುಖ ಹಿಂಡಿದ ಹಾಗಿದೆ?” ಎಂದಳು ಹೆಂಡತಿ.

“ಏನಿಲ್ಲ.”

“ಎಲ್ಲೋ ಏನೋ ತೊಳೆದು ಬಂದಿದ್ದೀರ.”

ಅವಳು ತಮಾಷೆಗೆ ಹೇಳಿದ್ದು. ಅವನು ಸರ್ರನೆ ಎದ್ದು ಹೊರಗೆ ಹೋಗಿ, ಲಾರಿಯ ಹಗ್ಗಗಳನ್ನು ಬಿಚ್ಚಿ ಮತ್ತೆ ಸುತ್ತಿಟ್ಟ. ಸುತ್ತಿದ ಹಗ್ಗವನ್ನೇ ಮೂರು ಸಲ ಸುತ್ತಿದ.

ಬುಧವಾರ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ವಾಪಸು ತರಲು ಹೋಗಬೇಕಿತ್ತು. ಬೇರೆಯವರನ್ನು ಕಳಿಸಬಹುದಿತ್ತು, ತಾನೇ ಹೋದ. ಏನೂ ಆಗಿಲ್ಲ ಎಂದು ಕಣ್ಣಾರೆ ಕಂಡು ಬಂದರೆ ನೆಮ್ಮದಿ ಎಂಬ ಆಸೆ. ಮೆಟ್ಟಿಲಲ್ಲೇ ಮನೆ ಯಜಮಾನಿ ಸಿಕ್ಕಳು. “ಗೊತ್ತಾಯ್ತಾ ಮೇಸ್ತ್ರಿ? ಆ ಹುಡುಗಿ ಸ್ಪಂಜು ತೊಳೆದು ತೊಳೆದು ಮಾವನ ಮೀನನ್ನೇ ತೊಳೆದುಬಿಟ್ಲು! ನೀವು ಅವತ್ತು ಹೇಳಿದ್ರಲ್ಲ, ಕೈ ಸುಮ್ನಿರಲ್ಲ ಅಂತ, ನಾನು ಎಲ್ರಿಗೂ ಅದನ್ನೇ ಹೇಳಿ ಹೇಳಿ ನಕ್ಕೆ” ಎಂದಳು.

ಮೇಲೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಮಂಕಾಗಿತ್ತು. ಮೀನುಗಳು ನೀರಿನ ಮೇಲುಗಡೆ ಬಂದು ಬಾಯಿ ತೆರೆತೆರೆದು ಮುಚ್ಚುತ್ತಿದ್ದವು. ಎಣಿಸಿದ. ಐದು.

“ಎರಡನೇ ನಂಬರ್ ನಿನ್ನೆ ಹೋಯ್ತು. ಆರನೇದು ಇವತ್ತು ಬೆಳಗ್ಗೆ” ಎಂದರು ಕಂಪೌಂಡರ್. ಅವರ ಗಡ್ಡ ಮೂರು ದಿನದ್ದು. ಅಳತೆಯ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು, ಎರಡು ಹನಿ ಔಷಧ ಬಿಟ್ಟು ಅಲುಗಾಡಿಸಿದರು. ನೀರು ಕಡುಹಸಿರಾಯಿತು. “ನೋಡಿ, ಇದು ಹಳದಿಯಾಗಿರಬೇಕಿತ್ತು. ಹಸಿರಾದಷ್ಟೂ ವಿಷ. ಮೀನು ಉಚ್ಚೆ ಹೊಯ್ದದ್ದು, ಹೇತದ್ದು ಎಲ್ಲ ನೀರಲ್ಲೇ ತಾನೇ ಇರೋದು? ಅದನ್ನ ತಿಂದು ತೀರಿಸೋ ಸೂಕ್ಷ್ಮಜೀವಿಗಳು ಸ್ಪಂಜಲ್ಲಿರ್ತವೆ. ಕಣ್ಣಿಗೆ ಕೊಳೆ ಥರ ಕಾಣ್ತವೆ. ಅವು ಬೆಳೆಯೋಕೆ ತಿಂಗಳುಗಟ್ಟಲೆ ಬೇಕು. ನಲ್ಲಿ ನೀರಿನ ಕ್ಲೋರಿನ್ ತಗುಲಿದ್ರೆ ಸಾಯೋಕೆ ಒಂದು ನಿಮಿಷ ಸಾಕು. ತೊಟ್ಟಿಯ ತಳದಲ್ಲಿ ಕಲ್ಲಾದ್ರೂ ಇದ್ದಿದ್ರೆ ಅದರಲ್ಲಿ ಸ್ವಲ್ಪ ಉಳೀತಿತ್ತು. ನನ್ನದು ಬರಿಯ ಗಾಜು. ಇದ್ದಬದ್ದದ್ದೆಲ್ಲ ಆ ಎರಡು ಸ್ಪಂಜಲ್ಲಿ.”

“ಈಗೇನು ದಾರಿ ಸಾರ್?”

“ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸ್ತಿದ್ದೀನಿ. ಬೇರೆ ಯಾರದ್ದಾದ್ರೂ ಆರೋಗ್ಯವಾಗಿರೋ ತೊಟ್ಟಿಯ ಹಳೇ ಸ್ಪಂಜು ಸಿಕ್ಕಿದ್ರೆ ಉಳೀಬಹುದು. ಯಾರು ಕೊಡ್ತಾರೆ?” ಎಂದವರು ದನಿ ತಗ್ಗಿಸಿದರು. “ತಪ್ಪು ಮಾಡಿದ್ದಕ್ಕಲ್ಲ ಮೇಸ್ತ್ರಿಗಳೇ ನನಗೆ ಬೇಜಾರು. ಮುಖದ ಮೇಲೆ ಸುಳ್ಳು ಹೇಳ್ತಾಳಲ್ಲ, ತೊಳೆದಿಲ್ಲ ಅಂತ. ಅವಳ ಜೊತೆ ಕೂತು ಊಟ ಮಾಡೋಕೆ ಮನಸ್ಸು ಬರ್ತಿಲ್ಲ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಸೊಸೆ ಅಲ್ಲಿಯೇ ಇದ್ದಳು, ಎಲ್ಲವೂ ಅವಳ ಕಿವಿಗೆ ಬೀಳುತ್ತಿತ್ತು. ಮೇಸ್ತ್ರಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು. ಭಾನುವಾರವಾದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಇವತ್ತು ಎಲ್ಲ ಗೊತ್ತಾಗಿತ್ತು. ಆದರೂ ಅವನು ರಟ್ಟಿನ ಪೆಟ್ಟಿಗೆಗಳನ್ನು ಮಡಚಿ, ಕಟ್ಟಿ, ಹೆಗಲಿಗೇರಿಸಿ, “ಬರ್ತೀನಿ ಸಾರ್” ಎಂದು ಇಳಿದುಬಿಟ್ಟ. ನಾಚಿಕೆಯೆಂದರೆ ಏನೆಂದು ಅವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಆ ಮೆಟ್ಟಿಲುಗಳ ಮೇಲೆ ಗೊತ್ತಾಯಿತು. ಮೈಯೆಲ್ಲ ಬಿಸಿಯಾಗಿ, ಕಿವಿ ಸುಡುತ್ತಿತ್ತು. ಕಂಡವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು, ಅವರೆಲ್ಲ ನಮಸ್ಕಾರ ಮೇಸ್ತ್ರಿ ಎನ್ನುತ್ತಿದ್ದದ್ದೇ ಹೆಚ್ಚು ಚುಚ್ಚುತ್ತಿತ್ತು.

ಗುರುವಾರವಿಡೀ ಒಂದು ಆಫೀಸಿನ ಕಪಾಟುಗಳನ್ನು ಸಾಗಿಸುತ್ತಾ ಯಾರೊಂದಿಗೂ ಮಾತಾಡಲಿಲ್ಲ. ಶುಕ್ರವಾರ ಬೆಳಗ್ಗೆ ಎದ್ದವನೇ ಮಾರ್ಕೆಟ್ ಹಿಂದಿನ ಅಲಂಕಾರ ಮೀನಿನ ಅಂಗಡಿಗೆ ಹೋದ.

“ಒಂದು ಸ್ಪಂಜು ಬೇಕಿತ್ತು” ಎಂದ. ಅಂಗಡಿಯವನು ಪ್ಯಾಕೆಟ್ ತೆಗೆದು ಮುಂದಿಟ್ಟ.

“ಇದಲ್ಲ. ಕೊಳಕಾಗಿರೋದು.”

ಅಂಗಡಿಯವನು ಕನ್ನಡಕ ಹಣೆಗೇರಿಸಿದ. “ಹನ್ನೆರಡು ವರ್ಷ ಆಯ್ತು ಅಂಗಡಿ ಇಟ್ಟು. ಕೊಳೆ ಕೇಳ್ಕೊಂಡು ಬಂದವರು ನೀವೇ ಮೊದಲು.”

ಮೇಸ್ತ್ರಿ ಎಲ್ಲವನ್ನೂ ಹೇಳಿದ. ಯಾರೋ ಅಪರಿಚಿತನ ಮುಂದೆ ಮಾತು ಸಲೀಸಾಗಿ ಬಂತು, ಅದಕ್ಕೂ ನಾಚಿಕೆಯಾಯಿತು. ‘ಹೆಣ್ಮಕ್ಕಳ ಕೈ’ ಎಂದ ಮಾತನ್ನೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದ. ಅಂಗಡಿಯವನು ನಗಲಿಲ್ಲ. ಮಾರುವ ತೊಟ್ಟಿಗಳ ಕಡೆ ಕೈ ತೋರಿಸಿ, “ಇಲ್ಲಿಂದ ಕೊಡಲ್ಲ. ದಿನಾ ಮೀನು ಬರ್ತವೆ, ಹೋಗ್ತವೆ, ರೋಗ ಅಂಟಿರುತ್ತೆ” ಎಂದು ಒಳಕೋಣೆಗೆ ಹೋಗಿ, ಅಲ್ಲಿ ತನ್ನ ಸ್ವಂತಕ್ಕೆ ಸಾಕಿದ್ದ ತೊಟ್ಟಿಯಿಂದ ಒಂದು ಸ್ಪಂಜನ್ನು ತೊಟ್ಟಿಕ್ಕುವಂತೆಯೇ ಎತ್ತಿದ. ಮೇಸ್ತ್ರಿ ಮನೆಯಿಂದ ತಂದಿದ್ದ ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಅದೇ ತೊಟ್ಟಿಯ ನೀರು ಸುರಿದ.

“ಒಂದು ಗಂಟೆಯೊಳಗೆ ತಲುಪಿಸಿ. ಒಣಗಬಾರದು. ನೀರು ಚೆಲ್ಲಬೇಡಿ. ಮತ್ತೆ...” ಎಂದು ಅವನ ಮುಖ ನೋಡಿದ. “ತೊಳೀಬೇಡಿ.”

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತ. ಪಕ್ಕದವರು, “ಊಟಾನಾ?” ಎಂದು ಕೇಳಿದರು. “ಹೂಂ” ಎಂದ. ನೀರಿರುವ ಪಾತ್ರೆಯನ್ನು ಒಂದು ಹನಿ ತುಳುಕದಂತೆ ಅಷ್ಟು ದೂರ ಹೊತ್ತದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಕಂಪೌಂಡರ್ ಬಾಗಿಲು ತೆರೆದರು. ಮೇಸ್ತ್ರಿ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟ. ಬಿಟ್ಟ ಮೇಲೆ ಹೇಳಲಾಗದೇ ಹೋದರೆ ಎಂಬ ಭಯ.

“ಸಾರ್, ಆ ಸ್ಪಂಜು ತೊಳೆದದ್ದು ನಾನು. ನೀರು ಚೆಲ್ಲಿದ್ದೂ ನಾನೇ. ಅವತ್ತು ಹೇಳದೆ ಇದ್ದದ್ದು ದೊಡ್ಡ ತಪ್ಪು. ಅಂಗಡಿಯಿಂದ ಹಳೇ ಸ್ಪಂಜು ತಂದಿದ್ದೀನಿ.”

ಕಂಪೌಂಡರ್ ಡಬ್ಬಿಯನ್ನು ನೋಡಿದರು. ಅವನನ್ನು ನೋಡಿದರು. ಅವರ ಕಣ್ಣು ತೇವವಾಯಿತು. ಅವನ ಹೆಗಲ ಮೇಲೆ ಕೈಯಿಟ್ಟರು.

“ನೀವು ದೊಡ್ಡ ಮನುಷ್ಯರು ಮೇಸ್ತ್ರಿಗಳೇ. ಆ ಹುಡುಗಿ ಮುಖ ನೋಡಿ ಪಾಪ ಅನ್ನಿಸಿರಬೇಕು. ಆದ್ರೆ ಅವಳ ತಪ್ಪನ್ನ ನೀವು ಯಾಕೆ ಮೈಮೇಲೆ ಹಾಕ್ಕೋತೀರಾ? ಅವಳೇ ಒಪ್ಕೊಂಡಳಲ್ಲ. ನಿನ್ನೆ ಸಂಜೆ ಬಾಯಿಬಿಟ್ಟು ಹೇಳಿದ್ಲು, ಹೌದು ಮಾವ, ನಾನೇ ತೊಳೆದೆ ಅಂತ.”

ಮೇಸ್ತ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಪ್ಪೊಪ್ಪಿಕೊಳ್ಳಲು ಬಂದವನಿಗೆ ಅದೂ ಒಂದು ಬಿರುದಾಗಿಬಿಟ್ಟಿತಲ್ಲ! ಆ ಕ್ಷಣದಲ್ಲಿ ಸುಮ್ಮನಿದ್ದುಬಿಟ್ಟರೆ ಎಲ್ಲವೂ ಸುಸೂತ್ರ. ಸ್ಪಂಜು ಕೊಟ್ಟಾಯಿತು, ಹೇಳಿಯೂ ಆಯಿತು, ಹೆಸರು ಮೊದಲಿಗಿಂತ ಎತ್ತರ. ಅಂಥ ಯೋಚನೆ ಅವನ ತಲೆಯಲ್ಲಿ ಸುಳಿಯಿತು ಎಂಬುದನ್ನು ಮುಚ್ಚಿಡುವುದು ಬೇಡ. ಸುಳಿದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ಪಾಪ ಅನ್ನಿಸಿ ಅಲ್ಲ ಸಾರ್” ಎಂದ. “ಮೋರಿ ಪಕ್ಕದ ನಲ್ಲೀಲಿ ತೊಳೆದೆ. ಏಳೆಂಟು ಸಲ ಹಿಂಡಿದೆ. ನೀಲಿ ಬಣ್ಣ ಬರೋವರೆಗೂ ಹಿಂಡಿದೆ. ನಿಮ್ಮ ಸೊಸೆ ಕೀ ಕೊಡೋಕೆ ಹೋಗಿದ್ರು, ಬಂದು ಕೇಳಿದ್ರು, ಲಾರೀಲಿದೆ ಅಂದೆ. ನೀವು ಕೇಳಿದಾಗ ಇವರು ನನ್ನ ಮುಖ ನೋಡಿದ್ರು ಸಾರ್. ನಾನು ಮಾತು ತಿರುಗಿಸಿ ಇವರ ಮೇಲೇ ಹಾಕಿದೆ.”

ಕಂಪೌಂಡರ್ ಹೆಗಲ ಮೇಲಿನ ಕೈಯನ್ನು ನಿಧಾನವಾಗಿ ತೆಗೆದರು. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

“ನೀನು ತೊಳೀಲಿಲ್ವಾ?” ಎಂದರು.

“ಇಲ್ಲ.”

“ಮತ್ತೆ ಯಾಕೆ ಹೌದು ಅಂದೆ?”

“ಭಾನುವಾರದಿಂದ ಇಲ್ಲ ಇಲ್ಲ ಅಂದೆ ಮಾವ. ನೀವು ಕೇಳ್ತಾನೇ ಇದ್ರಿ. ನಿನ್ನೆ ಹೌದು ಅಂದೆ. ಆಮೇಲೆ ನೀವು ಬಂದು ನನ್ನ ಜೊತೆ ಕೂತು ಊಟ ಮಾಡಿದ್ರಿ.”

ಅವಳು ಅದನ್ನು ಬಿಸಿನೀರು ಕಾದಿದೆ ಎಂದು ಹೇಳುವಷ್ಟು ಸಾಧಾರಣವಾಗಿ ಹೇಳಿದಳು. ಕಂಪೌಂಡರ್ ಕುರ್ಚಿಯ ತೋಳು ಹುಡುಕಿ ಕೂತರು. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಒಂದೇ ಕೋಣೆಯಲ್ಲಿ ಇಬ್ಬರು ಗಂಡಸರು ತಲೆ ತಗ್ಗಿಸಿದ್ದರು; ಕೆಲಸ ಮಾಡುವ ಸ್ಥಿತಿಯಲ್ಲಿದ್ದವಳು ಅವಳೊಬ್ಬಳೇ. ಮೇಸ್ತ್ರಿಯ ಕೈಯಿಂದ ಡಬ್ಬಿ ತೆಗೆದುಕೊಂಡು, ಕಂದು ಸ್ಪಂಜನ್ನು ಹಿಂಡದೆ, ಅಂಗೈಯಲ್ಲಿ ಮಲಗಿಸಿಕೊಂಡು ಹೋಗಿ ಫಿಲ್ಟರಿನ ಡಬ್ಬಿಯೊಳಗೆ ಕೂರಿಸಿದಳು. ಬುಧವಾರದಿಂದೀಚೆಗೆ ಇನ್ನೊಂದೂ ಹೋಗಿ ಉಳಿದಿದ್ದ ನಾಲ್ಕು ಮೀನುಗಳಲ್ಲಿ ಒಂದು ಕೆಳಗಿಳಿದು, ಸುತ್ತಿ, ಮತ್ತೆ ಮೇಲೆ ಬಂತು.

“ತಪ್ಪಾಯ್ತು ತಾಯಿ” ಎಂದ ಮೇಸ್ತ್ರಿ.

ಅವಳು ಕೈ ಒರೆಸಿಕೊಂಡಳು. “ತೊಳೆದದ್ದಕ್ಕೆ ನನಗೇನೂ ಸಿಟ್ಟಿಲ್ಲ. ಗೊತ್ತಿಲ್ದೆ ತೊಳೆದ್ರಿ. ಆದ್ರೆ ಆ ಮಾತನ್ನ ಗೊತ್ತಿದ್ದೂ ಆಡಿದ್ರಿ. ಈಗ ನಾನು ಮೆಟ್ಟಿಲು ಇಳಿದ್ರೆ ಸಾಕು, ಮೀನು ತೊಳೆದ ಸೊಸೆ ಅಂತ ನಗ್ತಾರೆ.”

“ನನ್ನಿಂದ ಏನಾಗ್ಬೇಕು ಹೇಳಿ ತಾಯಿ. ನಿಮ್ಮ ಕಾಲಿಗೆ ಬೇಕಾದ್ರೂ...”

“ಕಾಲು ಗೀಲು ಬೇಡ. ತೊಳೆದದ್ದು ಯಾರು ಅಂತ ನನಗೆ ಮೊದಲೇ ಗೊತ್ತಿತ್ತಲ್ಲ. ಗೊತ್ತಿದ್ದವಳಿಗೇ ಬಂದು ಹೇಳಿದ್ರೆ ಏನು ಬಂತು? ಗೊತ್ತಿಲ್ಲದವರಿಗೆ ಹೇಳಿ.”

ಅವಳು ಬಾಗಿಲ ಕಡೆ ನೋಡಿದಳು. ಅವನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಮಹಡಿಯಿಂದ ಕೆಳಗೆ ಹದಿನೆಂಟು ಮೆಟ್ಟಿಲು. ಬೀರು ಹೊತ್ತು ಇಳಿದವನಿಗೆ, ಬೆನ್ನ ಮೇಲೆ ಫ್ರಿಜ್ ಕಟ್ಟಿಕೊಂಡು ಇಳಿದವನಿಗೆ, ಆ ದಿನ ಬರಿಗೈಯಲ್ಲಿ ಇಳಿಯುವುದು ಕಷ್ಟವಾಯಿತು. ಕೆಳಗಿನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಮನೆ ಯಜಮಾನಿ, ಅವಳ ಪಕ್ಕದಲ್ಲಿ ಅವಳದೇ ಮೂಗು ಬಾಯಿಯ ಇನ್ನೊಬ್ಬ ಹೆಂಗಸು, ಜೊತೆಗೆ ಎದುರು ಮನೆಯವರು ಇಬ್ಬರು ಕೂತು ಚಹಾ ಕುಡಿಯುತ್ತಿದ್ದರು.

“ಓಹೋ, ಬನ್ನಿ ಮೇಸ್ತ್ರಿ! ನೂರು ವರ್ಷ ಆಯಸ್ಸು ನಿಮಗೆ, ಈಗಷ್ಟೇ ನಿಮ್ಮ ವಿಷಯ ಬಂತು. ಇವಳೇ ನನ್ನ ತಂಗಿ, ಗಾಜಿನಂಗಡಿಯವಳು. ನೋಡೇ, ಇವರೇ ಗಾಜು ಮೇಸ್ತ್ರಿ. ಇವರ ಕೈಗೆ ಕೊಟ್ಟದ್ದು ಇವತ್ತಿನವರೆಗೂ ಹಾಳಾಗಿಲ್ಲ.”

ತಂಗಿ ಎದ್ದು ಕುರ್ಚಿ ಎಳೆದು ಕೊಟ್ಟಳು. ಅವನು ಕೂರಲಿಲ್ಲ.

“ಅಮ್ಮಾ, ಮೇಲಿನ ಮನೆ ಮೀನು ಸಾಯಿಸಿದ್ದು ಆ ತಾಯಿಯಲ್ಲ. ನಾನು. ಸ್ಪಂಜು ತೊಳೆದವನೂ ನಾನೇ, ಅವರ ಮೇಲೆ ಹಾಕಿದವನೂ ನಾನೇ.”

ಮನೆ ಯಜಮಾನಿ ನಕ್ಕಳು. “ಅಯ್ಯೋ, ನೀವೊಬ್ರು! ಯಾರನ್ನ ಉಳಿಸೋಕೆ ಈ ತಮಾಷೆ?”

ಮೇಲೆ ಬಾಗಿಲು ಮುಚ್ಚಿದ ಸದ್ದು ಇನ್ನೂ ಕೇಳಿರಲಿಲ್ಲ. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಮೆಟ್ಟಿಲ ತುದಿಯಲ್ಲಿ ನಿಂತವರಿಗೂ ಕೇಳುವ ಹಾಗೆ, ಅದೇ ಮಾತನ್ನು ಮೊದಲಿನಿಂದ ಮತ್ತೊಮ್ಮೆ ಹೇಳಿದ.